ಎಲ್ವಿನ್ ಜೋನ್ಸ್ ಅವರಿಂದ ಡ್ರಮ್ಸ್ ಕಲಿಯುವುದು: ಎರಡು ಕೈ, ಎರಡು ಕಾಲು, ಒಂದೇ ತಕಿಟ

ಜಾಝ್ ಡ್ರಮ್ಸ್ ಕಲಿಯಲು ಹೊರಟವರು ಒಂದಲ್ಲ ಒಂದು ದಿನ ಅಮೆರಿಕದ ಡ್ರಮ್ಮರ್ ಎಲ್ವಿನ್ ಜೋನ್ಸ್ ಎದುರು ಬಂದು ನಿಲ್ಲಲೇಬೇಕು. ಮೊದಲ ಸಲ ಕೇಳಿದಾಗ ಮೂರು ಜನ ಸೇರಿ ಬಾರಿಸುತ್ತಿದ್ದಾರೇನೋ ಅನಿಸುತ್ತದೆ. ಒಂದನೇ ಬೀಟ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ನಾಲ್ಕು ಬಾರ್ (ತಾಳದ ಒಂದು ಸುತ್ತು ಅಂದರೆ ಒಂದು ಬಾರ್) ಮುಗಿದು ಹೋಗಿರುತ್ತದೆ. ಆಮೇಲೆ ನಾವು ಮಾಡುವುದೇನು? ಯಾವುದೋ ವಿಡಿಯೋ ತೆಗೆದು, ಅವರ ಒಂದು ಫಿಲ್ (ಮಾಮೂಲಿ ಬೀಟಿನ ನಡುವೆ ಬಾರಿಸುವ ಚಿಕ್ಕ ತುಣುಕು) ಹಿಡಿದು, ಅದನ್ನೇ ಜೋರಾಗಿ, ಸ್ಪೀಡಾಗಿ ದಿನವಿಡೀ ಬಾರಿಸುತ್ತೇವೆ. ಫಿಲ್ ಬರುತ್ತದೆ. ಎಲ್ವಿನ್ ಬರುವುದಿಲ್ಲ.

ನನ್ನ ಲೆಕ್ಕದಲ್ಲಿ ಅವರ ಶೈಲಿಗೂ ಸ್ಪೀಡಿಗೂ ಅಂಥ ಸಂಬಂಧವೇನೂ ಇಲ್ಲ. ಬೀಟನ್ನು ಮೂರಾಗಿ ಒಡೆದರೆ ಸಿಗುವ ಟ್ರಿಪ್ಲೆಟ್ ಇದೆಯಲ್ಲ, ಅದನ್ನು ಅವರು ಎರಡು ಕೈ ಎರಡು ಕಾಲಿಗೆ ಹಂಚಿಬಿಡುತ್ತಾರೆ. ಒಂದೊಂದು ಅಂಗ ಒಂದೊಂದು ಕೆಲಸ ಮಾಡುತ್ತಿದೆ ಅಂತ ಅನಿಸುವುದೇ ಇಲ್ಲ, ನಾಲ್ಕೂ ಸೇರಿ ಒಂದೇ ಮಾತು ಆಡಿದ ಹಾಗಿರುತ್ತದೆ. ಕಲಿಯಬೇಕಾದ್ದು ಆ ಹಂಚಿಕೆಯನ್ನು. ಅದನ್ನು ನಿಧಾನಕ್ಕೆ ಕಲಿಯಬಹುದು, ಮಧ್ಯಮ ಮಟ್ಟದ ಕೈ ಇದ್ದರೂ ಸಾಕು. ಸ್ಟಿಕ್ ಹಿಡಿಯಲು ಬರುತ್ತದೆ, ಒಂದು ಸಾದಾ ರಾಕ್ ಬೀಟ್ ತಪ್ಪದೆ ಐದು ನಿಮಿಷ ನಡೆಸಬಲ್ಲೆ ಅನ್ನುವವರಿಗೆ ಈ ಲೇಖನ. ಅದೂ ಬರದಿದ್ದರೆ ಮೊದಲ ಮೂರು ಹಂತ ಮಾಡಿ, ಉಳಿದದ್ದು ಆಮೇಲೆ.

ಮನುಷ್ಯನ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 1927ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಕೊನೆಯವರು. ದೊಡ್ಡಣ್ಣ ಹ್ಯಾಂಕ್ ಜೋನ್ಸ್ ಪಿಯಾನೋದಲ್ಲಿ, ಇನ್ನೊಬ್ಬ ಅಣ್ಣ ಥ್ಯಾಡ್ ಜೋನ್ಸ್ ಟ್ರಂಪೆಟ್‌ನಲ್ಲಿ ಹೆಸರು ಮಾಡಿದವರು, ಅಂದರೆ ಮನೆ ತುಂಬ ಸಂಗೀತ. ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ಡೆಟ್ರಾಯಿಟ್‌ನ ಕ್ಲಬ್ಬುಗಳಲ್ಲಿ ನುಡಿಸಿ, 1950ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್‌ಗೆ ಬಂದರು. 1960ರಿಂದ 1966ರ ಆರಂಭದವರೆಗೆ ಜಾನ್ ಕೋಲ್ಟ್ರೇನ್ ಜೊತೆ ಇದ್ದರು. ಪಿಯಾನೋದಲ್ಲಿ ಮೆಕಾಯ್ ಟೈನರ್, ಬೇಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಸ್ಯಾಕ್ಸೊಫೋನ್‌ನಲ್ಲಿ ಕೋಲ್ಟ್ರೇನ್, ಡ್ರಮ್ಸ್‌ನಲ್ಲಿ ಎಲ್ವಿನ್: ಈ ನಾಲ್ವರ ತಂಡ ಮಾಡಿದ್ದನ್ನೇ ನಾವು ಈಗ ಪಾಠ ಅಂತ ಇಟ್ಟುಕೊಂಡಿರುವುದು. ಕೋಲ್ಟ್ರೇನ್ ಇನ್ನೊಬ್ಬ ಡ್ರಮ್ಮರನ್ನು ಜೊತೆಗೆ ಕೂರಿಸಿದ ಮೇಲೆ ಎಲ್ವಿನ್ ತಂಡ ಬಿಟ್ಟರು. 2004ರಲ್ಲಿ ತೀರಿಕೊಂಡರು.

ಹಂತ 1: ಸ್ಟಿಕ್ ಮುಟ್ಟಬೇಡಿ, ಕೇಳಿ

ಆಲ್ಬಮ್ಮುಗಳ ರಾಶಿ ಹಾಕಿಕೊಳ್ಳಬೇಡಿ. ಶುರುವಿಗೆ ಒಂದು ಸಾಕು, ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು. ನಾಲ್ಕು ಭಾಗಗಳಿವೆ, ನಾಲ್ಕರಲ್ಲೂ ಎಲ್ವಿನ್ ಬೇರೆ ಬೇರೆ ಥರ ನುಡಿಸಿದ್ದಾರೆ. ಮೊದಲ ಭಾಗ ಶುರುವಾಗುವುದೇ ಅವರ ಗಾಂಗ್ ಏಟಿನಿಂದ, ಆಮೇಲೆ ಬರುವ ತಾಳಕ್ಕೆ ಲ್ಯಾಟಿನ್ ಛಾಯೆ ಇದೆ. ಮೂರನೇ ಭಾಗ ‘ಪರ್ಸ್ಯುಯೆನ್ಸ್’ ಸುಮಾರು ಒಂದೂವರೆ ನಿಮಿಷದ ಒಂಟಿ ಡ್ರಮ್ಸ್‌ನಿಂದ ಶುರು. ಕೊನೆಯ ಭಾಗದಲ್ಲಿ ಟಿಂಪನಿ (ದೊಡ್ಡ ನಗಾರಿಯಂಥ ವಾದ್ಯ) ಗುಡುಗಿಸುತ್ತಾರೆ, ಅಲ್ಲಿ ಎಣಿಸುವ ಬೀಟೇ ಇಲ್ಲ.

‘ಪರ್ಸ್ಯುಯೆನ್ಸ್’ ಅನ್ನು ಕೂತಲ್ಲೇ ಹಲವು ಸಲ ಕೇಳಿ, ಆದರೆ ಪ್ರತಿ ಸಲ ಒಂದೇ ಒಂದನ್ನು ಹಿಂಬಾಲಿಸಿ. ಒಮ್ಮೆ ಬರೀ ರೈಡ್ ಸಿಂಬಲ್, ಅಂದರೆ ಬಲಗೈ ತಾಳ ನಡೆಸುವ ದೊಡ್ಡ ತಟ್ಟೆ. ಇನ್ನೊಮ್ಮೆ ಬರೀ ಸ್ನೇರ್, ಅಂದರೆ ಎಡಗೈ. ಮತ್ತೊಮ್ಮೆ ಡ್ರಮ್ಸನ್ನೇ ಮರೆತು ಗ್ಯಾರಿಸನ್ ಅವರ ಬೇಸ್ ಹಿಡಿದುಕೊಂಡು ಹೋಗಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ. ಎಲ್ವಿನ್ ಅಷ್ಟು ಸ್ವಾತಂತ್ರ್ಯ ತೆಗೆದುಕೊಂಡರೂ ಹಾಡು ಬಿದ್ದು ಹೋಗುವುದಿಲ್ಲ ಅಂದರೆ, ಪಕ್ಕದಲ್ಲಿ ಗ್ಯಾರಿಸನ್ ನಾಲ್ಕು ಬೀಟನ್ನು ನೆಲಕ್ಕೆ ಊರಿ ನಿಂತಿದ್ದಾರೆ. ಬೇಸ್ ಕೇಳಿಸಿಕೊಂಡು ಮತ್ತೆ ಡ್ರಮ್ಸ್ ಕೇಳಿ, ಮೊದಲು ಗಲಾಟೆ ಅನಿಸಿದ್ದು ಈಗ ಸಾಲಾಗಿ ಕಾಣುತ್ತದೆ.

ಅವರ ಗಂಟಲಿನ ಸದ್ದೂ ರೆಕಾರ್ಡಿಂಗ್‌ಗಳಲ್ಲಿ ಕೇಳಿಸುತ್ತದೆ, ‘ಹ್ಞೂಂ’ ಅಂತ ನರಳಿದ ಹಾಗೆ. ಇಯರ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಹಂತ 2: ಕಿಟ್ ಹೊಂದಿಸಿಕೊಳ್ಳಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಕಾಲದಲ್ಲಿ ಎಲ್ವಿನ್ ನುಡಿಸುತ್ತಿದ್ದದ್ದು ಗ್ರೆಚ್ ಕಂಪನಿಯ ಚಿಕ್ಕ ಕಿಟ್. 18 ಇಂಚಿನ ಬಾಸ್ ಡ್ರಮ್, 12 ಇಂಚಿನ ಟಾಮ್, 14 ಇಂಚಿನ ಫ್ಲೋರ್ ಟಾಮ್, ಮೇಲೆ ಕೆ ಝಿಲ್ಜಿಯನ್ ಸಿಂಬಲ್‌ಗಳು. ನಿಮ್ಮ ಹತ್ರ 22 ಇಂಚಿನ ರಾಕ್ ಕಿಟ್ ಇದ್ದರೂ ಪರವಾಗಿಲ್ಲ. ಎರಡು ಬದಲಾವಣೆ ಮಾಡಿ. ಟಾಮ್‌ಗಳನ್ನು ಮಾಮೂಲಿಗಿಂತ ಸ್ವಲ್ಪ ಬಿಗಿ ಮಾಡಿ, ಸ್ವರ ಮೇಲೇರಲಿ. ಬಾಸ್ ಡ್ರಮ್ ಒಳಗೆ ತುರುಕಿರುವ ದಿಂಬು, ಕಂಬಳಿ ಎಲ್ಲ ಹೊರಗೆ ತೆಗೆಯಿರಿ. ಈಗ ಅದು ‘ಢಬ್’ ಅನ್ನುವ ಬದಲು ‘ಬೂಂ’ ಅಂತ ಒಂದು ಸ್ವರ ಕೊಡುತ್ತದೆ. ಎಲ್ವಿನ್ ಬಾಸ್ ಡ್ರಮ್ಮನ್ನು ಇನ್ನೊಂದು ಟಾಮ್ ಥರ ಬಳಸುತ್ತಾರೆ, ಅದಕ್ಕೇ ಈ ಕೆಲಸ. ಪೆಡಲ್ ಒತ್ತಿ ಬೀಟರನ್ನು ಚರ್ಮಕ್ಕೆ ಅದುಮಿ ಹಿಡಿಯುವ ಅಭ್ಯಾಸ ಇದ್ದರೆ ಬಿಡಿ. ಹೊಡೆದ ತಕ್ಷಣ ಬೀಟರ್ ವಾಪಸ್ ಬರಲಿ.

ಫ್ಲಾಟ್‌ನಲ್ಲಿ ಇರುವವರಿಗೆ: ಸಿಂಬಲ್ ಸದ್ದಿಗಿಂತ ಕಿಕ್ (ಬಲಗಾಲಲ್ಲಿ ಹೊಡೆಯುವ ಬಾಸ್ ಡ್ರಮ್) ಪೆಡಲ್‌ನ ಅದುರು ಕೆಳಗಿನ ಮನೆಯವರಿಗೆ ಹೆಚ್ಚು ಕಾಟ. ಪ್ರಾಕ್ಟೀಸ್ ಪ್ಯಾಡ್ ಇದ್ದರೂ ಪೆಡಲ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಅದರ ಕೆಳಗೆ ಹಳೇ ಹಾಸಿಗೆ ಮಡಿಸಿ ಇಟ್ಟರೆ ಇನ್ನೂ ಒಳ್ಳೆಯದು. ಇಲ್ಲಿ ಹೇಳುವ ಅಭ್ಯಾಸಗಳಲ್ಲಿ ಮುಕ್ಕಾಲು ಪಾಲನ್ನು ಸದ್ದೇ ಇಲ್ಲದೆ ತೊಡೆಯ ಮೇಲೂ ಮಾಡಬಹುದು.

ಹಂತ 3: ಬಾಯಲ್ಲಿ ಹೇಳಿ

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಇಂಗ್ಲಿಷ್ ಪುಸ್ತಕಗಳು ಟ್ರಿಪ್ಲೆಟ್ಟನ್ನು ‘ಒನ್-ಟ್ರಿಪ್-ಲೆಟ್’ ಅಂತ ಎಣಿಸಲು ಹೇಳುತ್ತವೆ, ನಾಲಿಗೆ ತೊಡರುತ್ತದೆ. ನಮಗೆ ತಿಸ್ರ ನಡೆ ಗೊತ್ತು, ‘ತಕಿಟ’ ಗೊತ್ತು. ಸಂಗೀತ ಕಲಿಯದವರೂ ಭರತನಾಟ್ಯದ ಕ್ಲಾಸಿನ ಪಕ್ಕ ಹಾದು ಹೋಗುವಾಗ ಕೇಳಿರುತ್ತಾರೆ. ಅದನ್ನೇ ಬಳಸೋಣ.

ಒಂದು ಬಾರ್‌ಗೆ ನಾಲ್ಕು ಬೀಟ್, ಬೀಟಿಗೆ ಮೂರು ಅಕ್ಷರ, ಒಟ್ಟು 12:

ತಕಿಟ ತಕಿಟ ತಕಿಟ ತಕಿಟ

ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಟಿಕ್ ಅನ್ನುವ ಸಾಧನ) 60ಕ್ಕೆ ಇಡಿ, ಅಂದರೆ ನಿಮಿಷಕ್ಕೆ 60 ಬೀಟ್. ಕಾಲಲ್ಲಿ ಬೀಟ್ ಹಾಕುತ್ತಾ ಬಾಯಲ್ಲಿ ಇದನ್ನು ಹೇಳಿ. ಮೂರೂ ಅಕ್ಷರಕ್ಕೆ ಸರಿಸಮ ಜಾಗ ಸಿಗಬೇಕು. ಬಹಳ ಜನ ‘ಕಿಟ’ವನ್ನು ಒಟ್ಟಿಗೆ ನುಂಗಿಬಿಡುತ್ತಾರೆ. ಅದು ಸರಿ ಹೋದ ಮೇಲೆ ‘ಕಿ’ ಮಾತ್ರ ಜೋರಾಗಿ ಹೇಳಿ, ಉಳಿದೆರಡು ಮೆಲ್ಲಗೆ. ಆಮೇಲೆ ‘ಟ’ ಮಾತ್ರ ಜೋರು. ಕೊನೆಗೆ ‘ತ’ ಅನ್ನು ಮನಸ್ಸಿನಲ್ಲೇ ಅಂದುಕೊಂಡು ‘ಕಿಟ’ ಮಾತ್ರ ಹೊರಗೆ ಹೇಳಿ. ಇದು ಸುಲಭ ಅನಿಸಿದರೆ ಮೆಟ್ರೊನೋಮ್ ಶಬ್ದವನ್ನೇ ‘ಟ’ ಅಂದುಕೊಂಡು ಹೇಳಲು ನೋಡಿ. ಬಸ್ಸಲ್ಲಿ, ಅಡುಗೆ ಮನೆಯಲ್ಲಿ, ಎಲ್ಲಿ ಬೇಕಾದರೂ ಮಾಡಬಹುದು.

ಬಾಯಿಗೆ ಬರದ್ದು ಕೈಗೆ ಬಂದರೂ ಅದು ಗಣಿತದ ಥರ ಇರುತ್ತದೆ. ಹಾಗಾಗಿ ಈ ಹಂತ ದಾಟಿ ಓಡಬೇಡಿ.

ಹಂತ 4: ರೈಡ್ ಸಿಂಬಲ್

ಜಾಝ್‌ನ ಮಾಮೂಲಿ ರೈಡ್ ಪ್ಯಾಟರ್ನ್ ಇದು: ಮೊದಲ ಬೀಟಿನಲ್ಲಿ ‘ತ’ ಮಾತ್ರ, ಎರಡನೆಯದರಲ್ಲಿ ‘ತ’ ಮತ್ತು ‘ಟ’, ಮೂರರಲ್ಲಿ ‘ತ’, ನಾಲ್ಕರಲ್ಲಿ ‘ತ’ ಮತ್ತು ‘ಟ’. ಎಡಗಾಲಿನ ಹೈ-ಹ್ಯಾಟ್ (ಪೆಡಲ್ ಒತ್ತಿದರೆ ಒಂದಕ್ಕೊಂದು ಬಡಿಯುವ ಜೋಡಿ ಸಿಂಬಲ್) ಎರಡು ಮತ್ತು ನಾಲ್ಕನೇ ಬೀಟಿಗೆ ‘ಚಿಕ್’ ಅನ್ನಬೇಕು. ಎಲ್ಲ ಜಾಝ್ ಡ್ರಮ್ಮರ್‌ಗಳೂ ಮೊದಲು ಕಲಿಯುವುದು ಇದನ್ನೇ.

ಎಲ್ವಿನ್ ಅವರ ರೈಡ್ ಬೇರೆ ಅನಿಸುವುದು ಒತ್ತು ಎಲ್ಲಿ ಬೀಳುತ್ತದೆ ಅನ್ನುವ ವಿಷಯದಲ್ಲಿ. ಉಳಿದವರು ಹೆಚ್ಚಾಗಿ ಎರಡು ಮತ್ತು ನಾಲ್ಕನೇ ಬೀಟಿನ ‘ತ’ಗೆ ತೂಕ ಕೊಡುತ್ತಾರೆ. ಎಲ್ವಿನ್ ಎಷ್ಟೋ ಸಲ ಆ ಚಿಕ್ಕ ‘ಟ’ಗೆ ತೂಕ ಕೊಡುತ್ತಾರೆ, ಅದು ಮುಂದಿನ ಬೀಟನ್ನು ದಬ್ಬಿಕೊಂಡು ಹೋಗುತ್ತದೆ. ಮುಂದಿನ ‘ತ’ ಕೆಲವೊಮ್ಮೆ ಬರುವುದೇ ಇಲ್ಲ, ‘ಟ’ದ ಸದ್ದೇ ಅಲ್ಲಿಯವರೆಗೂ ಹರಡಿರುತ್ತದೆ. ಟೈಮ್ ಮುಂದಕ್ಕೆ ಉರುಳುತ್ತಿದೆ ಅನ್ನುವ ಭಾವನೆ ಬರುವುದು ಇದರಿಂದಲೇ.

ಅಭ್ಯಾಸ ಹೀಗೆ ಮಾಡಿ. ಮೆಟ್ರೊನೋಮ್ 40ಕ್ಕೆ ಇಟ್ಟು, ಅದು ಎರಡು ಮತ್ತು ನಾಲ್ಕನೇ ಬೀಟು ಅಂದುಕೊಳ್ಳಿ, ಅಂದರೆ ನಿಮ್ಮ ವೇಗ 80. ಬರೀ ರೈಡ್ ಮತ್ತು ಹೈ-ಹ್ಯಾಟ್. ನಾಲ್ಕು ಬಾರ್ ಮಾಮೂಲಿ, ನಾಲ್ಕು ಬಾರ್ ‘ಟ’ಗೆ ಒತ್ತು. ಒತ್ತು ಕೊಡುವಾಗ ಭುಜ ಎತ್ತಿದರೆ ತಪ್ಪು, ಅದು ಬೆರಳು ಮತ್ತು ಮಣಿಕಟ್ಟಿನಿಂದ ಬರಬೇಕು. ಆಮೇಲೆ ನಾಲ್ಕನೇ ಬೀಟಿನ ‘ಟ’ ಹೊಡೆದು ಮುಂದಿನ ಬಾರ್‌ನ ಒಂದನೇ ‘ತ’ ಬಿಟ್ಟುಬಿಡಿ. ಮೊದಮೊದಲು ನೆಲ ಜಾರಿದ ಹಾಗಾಗುತ್ತದೆ, ಅಲ್ವಾ? ಎಡಗಾಲು ಗಟ್ಟಿ ಇದ್ದರೆ ಏನೂ ಆಗುವುದಿಲ್ಲ.

ಹಂತ 5: ಹಂಚಿಕೆ, ಇದೇ ಅಸಲಿ ಪಾಠ

ಈ ಹಂತಕ್ಕೆ ನೀವು ತಿಂಗಳುಗಟ್ಟಲೆ ಕೊಟ್ಟರೂ ನಷ್ಟವಿಲ್ಲ. ಮೇಲಿನ ರೈಡ್ ಪ್ಯಾಟರ್ನ್ ನೋಡಿ. ಮೊದಲ ಬೀಟಿನಲ್ಲಿ ರೈಡ್ ಹೊಡೆಯುವುದು ‘ತ’ ಮಾತ್ರ, ‘ಕಿ’ ಮತ್ತು ‘ಟ’ ಖಾಲಿ. ಮೂರನೇ ಬೀಟಿನಲ್ಲೂ ಹಾಗೇ. ಆ ಖಾಲಿ ಜಾಗಕ್ಕೆ ಎಡಗೈ ಮತ್ತು ಬಲಗಾಲು ಬರುತ್ತವೆ.

ಮೊದಲ ಬೀಟ್: ರೈಡ್ ‘ತ’, ಸ್ನೇರ್ ‘ಕಿ’, ಕಿಕ್ ‘ಟ’.
ಎರಡನೇ ಬೀಟ್: ರೈಡ್ ‘ತ’ (ಜೊತೆಗೆ ಹೈ-ಹ್ಯಾಟ್), ‘ಕಿ’ ಖಾಲಿ, ರೈಡ್ ‘ಟ’.
ಮೂರನೆಯದು ಮೊದಲಿನ ಹಾಗೆ, ನಾಲ್ಕನೆಯದು ಎರಡನೆಯ ಹಾಗೆ.

ಇದನ್ನು 60ರ ವೇಗದಲ್ಲಿ ನುಡಿಸಿ. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗಾಲಿಗೆ, ಅಲ್ಲಿಂದ ವಾಪಸ್ ಬಲಗೈಗೆ ಸದ್ದು ದಾಟಬೇಕು. ಸ್ನೇರ್ ಮೆಲ್ಲಗೆ, ಚರ್ಮದಿಂದ ಎರಡು ಮೂರು ಇಂಚು ಎತ್ತರದಿಂದ ಸ್ಟಿಕ್ ಬಿದ್ದರೆ ಸಾಕು. ಕಿಕ್ ಕೂಡ ಅಷ್ಟೇ. ಮೂರು ಸದ್ದೂ ಒಂದೇ ಅಳತೆಯಲ್ಲಿ ಕೇಳಿಸುತ್ತಿದೆಯಾ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿ. ಸಾಮಾನ್ಯವಾಗಿ ಕಿಕ್ ಮೇಲೆದ್ದು ಕೂತಿರುತ್ತದೆ, ಯಾಕಂದರೆ ರಾಕ್ ನುಡಿಸಿದ ಕಾಲಿಗೆ ಮೆಲ್ಲಗೆ ಹೊಡೆಯುವುದೇ ಗೊತ್ತಿರುವುದಿಲ್ಲ.

ಅದು ಕೂತ ಮೇಲೆ ಅದಲು ಬದಲು ಮಾಡಿ: ಕಿಕ್ ‘ಕಿ’, ಸ್ನೇರ್ ‘ಟ’. ಇದು ಇನ್ನೂ ಕಷ್ಟ. ನಂತರ ಮೊದಲಿನ ಜೋಡಿಯನ್ನು (ಸ್ನೇರ್ ‘ಕಿ’, ಕಿಕ್ ‘ಟ’) ಎರಡು ಮತ್ತು ನಾಲ್ಕನೇ ಬೀಟಿಗೆ ಸಾಗಿಸಿ. ಇಲ್ಲಿ ಒಂದು ಸಂಗತಿ ಗಮನಿಸಿ: ಎರಡನೇ ಬೀಟಿನ ‘ಟ’ ಮೇಲೆ ರೈಡ್ ಆಗಲೇ ಇದೆ, ಕಿಕ್ ಈಗ ಅದರ ಜೊತೆಗೇ ಬೀಳುತ್ತದೆ. ಎರಡೂ ಒಂದೇ ಕ್ಷಣಕ್ಕೆ ಬೀಳಬೇಕು, ಒಂದು ಕೂದಲೆಳೆ ಹಿಂದೆ ಮುಂದೆ ಆದರೂ ಸದ್ದು ಒಡೆದಂತೆ ಕೇಳಿಸುತ್ತದೆ. ನಾಲ್ಕೂ ಬೀಟುಗಳಲ್ಲಿ ಒಂದಾದ ಮೇಲೆ ಒಂದು ಮಾಡಲು ಬಂದರೆ ಕೈಕಾಲು ತಯಾರಾದವು ಅಂತ ಅರ್ಥ.

ಈಗ ತೆಗೆಯುವ ಕೆಲಸ. ಎಲ್ಲ ಟ್ರಿಪ್ಲೆಟ್‌ಗಳನ್ನೂ ತುಂಬಿ ನುಡಿಸಿದರೆ ಅದು ಎಲ್ವಿನ್ ಆಗುವುದಿಲ್ಲ, ಮಿಕ್ಸಿ ಆಗುತ್ತದೆ. ಅವರಲ್ಲಿ 12 ಅಕ್ಷರಗಳೂ ಒಳಗೊಳಗೆ ಓಡುತ್ತಿರುತ್ತವೆ, ಹೊರಗೆ ಕೇಳಿಸುವುದು ಬೇಕಾದಷ್ಟು ಮಾತ್ರ. ನಾಲ್ಕು ಬಾರ್‌ಗಳಲ್ಲಿ ಮೂರು ಬಾರ್ ಬರೀ ರೈಡ್ ನುಡಿಸಿ, ಬಾಯಲ್ಲಿ ತಕಿಟ ನಡೆಯುತ್ತಿರಲಿ, ಒಂದು ಬಾರ್‌ನಲ್ಲಿ ಮಾತ್ರ ಸ್ನೇರ್-ಕಿಕ್ ಸೇರಿಸಿ. ಆ ಒಂದು ಬಾರ್ ಯಾವುದು ಅನ್ನುವುದನ್ನು ಪ್ರತಿ ಸಲ ಬದಲಿಸಿ. ಆಮೇಲೆ ಪೂರ್ತಿ ಬಾರ್ ಕೂಡ ಬೇಡ. ಒಂದೇ ಒಂದು ‘ಕಿ’ ಸ್ನೇರ್ ಮೇಲೆ ಹಾಕಿ ಸುಮ್ನೆ ಮುಂದೆ ಹೋಗಿ. ಎರಡು ಬಾರ್ ಬಿಟ್ಟು ಒಂದು ‘ಟ’ ಕಿಕ್‌ನಲ್ಲಿ ಉತ್ತರ ಕೊಡಲಿ.

ಹೈ-ಹ್ಯಾಟ್ ಬಗ್ಗೆಯೂ ಒಂದು ಮಾತು. ಎಲ್ವಿನ್ ಎಡಗಾಲನ್ನು ಎರಡು-ನಾಲ್ಕಕ್ಕೆ ಕಟ್ಟಿ ಹಾಕಿದವರಲ್ಲ, ಅದೂ ಈ ಹಂಚಿಕೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಆದರೆ ಕಲಿಯುವವರು ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಿಡಿದುಕೊಳ್ಳಲು ಒಂದು ಕಂಬ ಬೇಕಲ್ಲ.

ಹಂತ 6: ಟಾಮ್‌ಗಳಿಗೆ ಹರಡಿ

ರೈಡ್ ಬಿಟ್ಟು, ‘ತ’ ಫ್ಲೋರ್ ಟಾಮ್ ಮೇಲೆ ಬಲಗೈ, ‘ಕಿ’ ಸ್ನೇರ್ ಮೇಲೆ ಎಡಗೈ, ‘ಟ’ ಕಿಕ್. ಇದನ್ನು ನಿಲ್ಲಿಸದೆ ನುಡಿಸಿ. ನಂತರ ಬಲಗೈ ಮಾತ್ರ ಜಾಗ ಬದಲಿಸಲಿ: ಫ್ಲೋರ್ ಟಾಮ್, ಚಿಕ್ಕ ಟಾಮ್, ಕ್ರ್ಯಾಶ್ ಸಿಂಬಲ್, ಮತ್ತೆ ಫ್ಲೋರ್ ಟಾಮ್. ಎಡಗೈ, ಕಾಲು ಇದ್ದಲ್ಲೇ ಇರಲಿ. ಅವರ ಸೋಲೋಗಳಲ್ಲಿ ಅಲೆ ಅಲೆಯಾಗಿ ಕೇಳಿಸುವ ಭಾಗಗಳ ಹಿಂದೆ ಬಹುತೇಕ ಇಂಥದ್ದೇ ಲೆಕ್ಕ ಇರುತ್ತದೆ. ಅವರ ವಿಡಿಯೋಗಳಲ್ಲಿ ಕೈ ನೋಡಿ, ಸೀದಾ ಗೆರೆಯಲ್ಲಿ ಹೋಗುವುದೇ ಇಲ್ಲ, ಸುತ್ತು ಹಾಕಿಕೊಂಡೇ ಹೋಗುತ್ತದೆ. ಕೈ ಬಿಗಿ ಹಿಡಿದರೆ ಈ ಸುತ್ತು ಬರುವುದಿಲ್ಲ.

ಹಂತ 7: ಮೂರರ ಒಳಗೆ ನಾಲ್ಕು

ಬಾರ್‌ನಲ್ಲಿ 12 ಅಕ್ಷರ ಇವೆ. ಮೂರು ಮೂರರಂತೆ ನಾಲ್ಕು ಗುಂಪು ಮಾಡಬಹುದು, ನಾಲ್ಕು ನಾಲ್ಕರಂತೆ ಮೂರು ಗುಂಪೂ ಮಾಡಬಹುದು:

ತಕಧಿಮಿ ತಕಧಿಮಿ ತಕಧಿಮಿ

ವೇಗ ಬದಲಾಗುವುದಿಲ್ಲ, ಅಕ್ಷರದ ಅಳತೆ ಬದಲಾಗುವುದಿಲ್ಲ, ಒತ್ತು ಮಾತ್ರ ಬೇರೆ ಕಡೆ ಬೀಳುತ್ತದೆ. ಕೇಳುವವರಿಗೆ ಒಂದು ಕ್ಷಣ ತಾಳವೇ ಬದಲಾಯಿತೇನೋ ಅನಿಸಿ, ಬಾರ್ ಮುಗಿಯುವಷ್ಟರಲ್ಲಿ ಮನೆಗೆ ಬಂದಿರುತ್ತದೆ. ಮೃದಂಗ, ಖಂಜಿರ ಕೇಳಿ ಬೆಳೆದ ಕಿವಿಗೆ ಇದು ಹೊಸದೇನಲ್ಲ. ನಮ್ಮ ತಾಳದ ಲೆಕ್ಕಕ್ಕೂ ಜಾಝ್‌ಗೂ ನೇರ ನಂಟು ಇದ್ದೇ ಇದೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ 1983ರಲ್ಲಿ ‘ಜ್ಯೋತಿ’ ಅನ್ನುವ ಆಲ್ಬಮ್ ಮಾಡಿದ್ದಾರೆ. ಹುಡುಕಿ ಕೇಳಿ.

ಕಿಟ್ ಮೇಲೆ: ಬಲಗೈ, ಎಡಗೈ, ಬಲಗೈ, ಕಿಕ್. ಇದೇ ನಾಲ್ಕನ್ನು ಮೂರು ಸಲ ನುಡಿಸಿದರೆ ಒಂದು ಬಾರ್ ಆಗುತ್ತದೆ. ಎಡಗಾಲು ಎರಡು ಮತ್ತು ನಾಲ್ಕನೇ ಬೀಟಿಗೆ ಹೈ-ಹ್ಯಾಟ್ ಹಾಕುತ್ತಲೇ ಇರಬೇಕು. ಸರಿಯಾಗಿ ನುಡಿಸುತ್ತಿದ್ದೀರಾ ಅಂತ ಪರೀಕ್ಷೆ ಮಾಡಲು ಒಂದು ಗುರುತು ಕೊಡುತ್ತೇನೆ. ಎರಡನೇ ಬೀಟಿನ ಹೈ-ಹ್ಯಾಟ್ ಕಿಕ್ ಜೊತೆಗೇ ಬೀಳಬೇಕು. ನಾಲ್ಕನೇ ಬೀಟಿನ ಹೈ-ಹ್ಯಾಟ್ ಎಡಗೈ ಜೊತೆ ಬೀಳಬೇಕು. ಹಾಗೆ ಬೀಳದಿದ್ದರೆ ಎಲ್ಲೋ ಒಂದು ಅಕ್ಷರ ನುಂಗಿದ್ದೀರಿ, ನಿಲ್ಲಿಸಿ ಬಾಯಲ್ಲಿ ಹೇಳಿಕೊಂಡು ಮತ್ತೆ ಶುರು ಮಾಡಿ.

ಹುಚ್ಚು ಜಾಸ್ತಿ ಇದ್ದರೆ ಐದರ ಗುಂಪು ಮಾಡಿ, ‘ತಕತಕಿಟ’. 12ಕ್ಕೆ ಐದು ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ಒಂದನೇ ಬೀಟಿಗೆ ವಾಪಸ್ ಬರಲು ಐದು ಬಾರ್ ಬೇಕು, ಅಷ್ಟರಲ್ಲಿ 12 ಸಲ ‘ತಕತಕಿಟ’ ಆಗಿರುತ್ತದೆ. ಹಾಡಿನಲ್ಲಿ ಬಳಸಬೇಕು ಅಂತೇನಿಲ್ಲ. ಆದರೆ ಇದನ್ನು ಮಾಡಿದ ಮೇಲೆ ನಾಲ್ಕರ ಗುಂಪು ನೀರು ಕುಡಿದಷ್ಟು ಸಲೀಸು.

ಹಂತ 8: ಹಾಡಿನ ಆಕಾರ ಬಿಡಬೇಡಿ

ಎಲ್ವಿನ್ ಬಾರ್ ಗೆರೆಯನ್ನು ದಾಟಿ ಹೋಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಸಾಮಾನ್ಯ ಡ್ರಮ್ಮರ್ ಫಿಲ್ ಮುಗಿಸಿ ಒಂದನೇ ಬೀಟಿಗೆ ‘ಝ್ಯಾಂ’ ಅಂತ ಕ್ರ್ಯಾಶ್ ಹೊಡೆದು ಬಂದೆ ಅಂತ ಸಾರುತ್ತಾನೆ. ಎಲ್ವಿನ್ ಅವರ ವಾಕ್ಯ ಎಷ್ಟೋ ಸಲ ನಾಲ್ಕನೇ ಬೀಟಿನ ‘ಟ’ದಲ್ಲೇ ಮುಗಿದುಬಿಡುತ್ತದೆ, ಇಲ್ಲವೇ ಮುಂದಿನ ಬಾರ್‌ನ ಎರಡನೇ ಬೀಟ್ ತನಕ ಹರಿದು ಹೋಗುತ್ತದೆ. ಹಾಗಂತ ಅವರು ಲೆಕ್ಕ ತಪ್ಪಿಸುವುದಿಲ್ಲ. 12 ಬಾರ್ ಬ್ಲೂಸ್ (12 ಬಾರ್‌ಗಳ ಸುತ್ತು ಮತ್ತೆ ಮತ್ತೆ ಬರುವ ಹಾಡಿನ ರೂಪ) ಅಂದರೆ 12 ಬಾರೇ. ಗೆರೆ ಎಲ್ಲಿದೆ ಅಂತ ಖಚಿತವಾಗಿ ಗೊತ್ತಿರುವವರು ಮಾತ್ರ ಅದನ್ನು ಹೀಗೆ ದಾಟಬಲ್ಲರು.

‘ಪರ್ಸ್ಯುಯೆನ್ಸ್’ ಒಂದು 12 ಬಾರ್ ಬ್ಲೂಸ್. ಅದರ ರಾಗವನ್ನು ಬಾಯಿಪಾಠ ಮಾಡಿ, ಗುನುಗುತ್ತಾ ನಿಧಾನ ವೇಗದಲ್ಲಿ ರೈಡ್ ನುಡಿಸಿ. ಆಮೇಲೆ ಗುನುಗುತ್ತಲೇ ಹಂತ 5, 6, 7ರ ವಿಷಯಗಳನ್ನು ಒಂದೊಂದಾಗಿ ತನ್ನಿ. ಗುನುಗು ನಿಂತುಹೋದರೆ ನೀವು ಕಳೆದುಹೋದಿರಿ ಅಂತಲೇ ಲೆಕ್ಕ. ಒಂದು ನಿಯಮ ಹಾಕಿಕೊಳ್ಳಿ: ಇವತ್ತಿನ ಅಭ್ಯಾಸದಲ್ಲಿ ಒಂದನೇ ಬೀಟಿಗೆ ಕ್ರ್ಯಾಶ್ ಹೊಡೆಯುವ ಹಾಗಿಲ್ಲ. ನಾಲ್ಕನೇ ಬೀಟಿನ ‘ಟ’ಗೆ ಕಿಕ್ ಮತ್ತು ಸಿಂಬಲ್ ಒಟ್ಟಿಗೆ ಹೊಡೆದು, ಒಂದನ್ನು ಖಾಲಿ ಬಿಡಿ. ಹಳೇ ಚಾಳಿ ಕೈಯನ್ನು ಎಳೆಯುತ್ತದೆ, ಸ್ವಲ್ಪ ದಿನ ಬೇಕು.

ಹಂತ 9: ಮೂರು ಬೀಟಿನ ಹಾಡು

1960ರ ಅಕ್ಟೋಬರ್‌ನಲ್ಲಿ ರೆಕಾರ್ಡ್ ಆದ ಕೋಲ್ಟ್ರೇನ್ ಅವರ ‘ಮೈ ಫೇವರಿಟ್ ಥಿಂಗ್ಸ್’ ಸುಮಾರು 14 ನಿಮಿಷ ಇದೆ. ಅದು ವಾಲ್ಟ್ಜ್, ಬಾರ್‌ಗೆ ಮೂರು ಬೀಟ್. ಆದರೆ ಬ್ಯಾಂಡ್‌ಸೆಟ್ಟಿನವರ ‘ಢಂ ಚಕ ಚಕ’ ಅಲ್ಲಿ ಎಲ್ಲೂ ಇಲ್ಲ. ಎಲ್ವಿನ್ ಮೂರರ ಮೇಲೆ ಎರಡನ್ನು ತಂದು ಹಾಕುತ್ತಾರೆ.

ನೀವು ಹೀಗೆ ಮಾಡಿ. ರೈಡ್‌ನಲ್ಲಿ ಒಂದನೇ ಬೀಟ್ ‘ತ’, ಎರಡನೆಯದರಲ್ಲಿ ‘ತ’ ಮತ್ತು ‘ಟ’, ಮೂರನೆಯದರಲ್ಲಿ ‘ತ’. ಹೈ-ಹ್ಯಾಟ್ ಎರಡನೇ ಬೀಟಿಗೆ ಮಾತ್ರ. ಕಿಕ್ ಮೊದಲನೇ ‘ತ’ ಮತ್ತು ಎರಡನೇ ಬೀಟಿನ ‘ಟ’ ಮೇಲೆ. ಆ ಎರಡನೇ ಕಿಕ್ ಬಾರ್‌ನ ಸುಮಾರು ಅರ್ಧದಲ್ಲಿ ಬೀಳುತ್ತದೆ, ಹಾಗಾಗಿ ಕಾಲು ಎರಡು ಎಣಿಸುತ್ತಿದೆ, ಕೈ ಮೂರು ಎಣಿಸುತ್ತಿದೆ. ಹತ್ತು ನಿಮಿಷ ಇದೊಂದನ್ನೇ ನುಡಿಸಿ. ಬೋರ್ ಆಗುವುದಿಲ್ಲ, ನನ್ನನ್ನು ನಂಬಿ.

ಹಂತ 10: ಬ್ರಷ್ ಕೈಗೆ ತೆಗೆದುಕೊಳ್ಳಿ

ಎಲ್ವಿನ್ ಅಂದರೆ ಗುಡುಗು ಅಂತ ನಂಬಿಕೊಂಡವರು 1957ರ ಟಾಮಿ ಫ್ಲನಗನ್ ಟ್ರಿಯೋ ಆಲ್ಬಮ್ ‘ಓವರ್‌ಸೀಸ್’ ಕೇಳಬೇಕು. ಸ್ಟಾಕ್‌ಹೋಮ್‌ನಲ್ಲಿ ರೆಕಾರ್ಡ್ ಆದದ್ದು, ಎಲ್ವಿನ್ ಅಲ್ಲಿ ಬಹುಪಾಲು ಸ್ಟಿಕ್ ಬದಲು ಬ್ರಷ್‌ನಲ್ಲೇ (ತಂತಿ ಎಳೆಗಳ ಕುಂಚ) ನುಡಿಸಿದ್ದಾರೆ. ವೇಗದ ಹಾಡಿಗೂ ಬ್ರಷ್ಷೇ. ಕೋಲ್ಟ್ರೇನ್ ಅವರ ‘ಬ್ಯಾಲಡ್ಸ್’ ಇನ್ನೊಂದು ತುದಿ, ಅಲ್ಲಿ ಡ್ರಮ್ಸ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ.

ಬ್ರಷ್‌ಗೆ ಸ್ನೇರ್ ಮೇಲೆ ಕೋಟೆಡ್ ಹೆಡ್ ಬೇಕು, ಅಂದರೆ ಸ್ವಲ್ಪ ಒರಟಾದ ಬಿಳಿ ಹಾಳೆ. ನುಣುಪಾದ ಪಾರದರ್ಶಕ ಹೆಡ್ ಮೇಲೆ ಬ್ರಷ್ ಎಳೆದರೆ ಸದ್ದೇ ಬರುವುದಿಲ್ಲ. ಎಡಗೈ ಬ್ರಷ್ ಕಾವಲಿ ಮೇಲೆ ದೋಸೆ ಹಿಟ್ಟು ಹರಡುವ ಸೌಟಿನ ಹಾಗೆ ನಿಲ್ಲದೆ ಸುತ್ತಬೇಕು, ಒತ್ತಬಾರದು, ಎತ್ತಬಾರದು. ಒಂದು ಸುತ್ತಿಗೆ ಒಂದು ಬೀಟ್. ಬಲಗೈ ಬ್ರಷ್ ಅದೇ ಹೆಡ್ ಮೇಲೆ ಹಂತ 4ರ ರೈಡ್ ಪ್ಯಾಟರ್ನ್ ತಟ್ಟಲಿ. ಎರಡು ಬ್ರಷ್ ಡಿಕ್ಕಿ ಹೊಡೆಯುತ್ತಿದ್ದರೆ ಎಡಗೈ ಸುತ್ತನ್ನು ಚಿಕ್ಕದು ಮಾಡಿಕೊಂಡು ಎಡ ಅಂಚಿಗೆ ಸರಿಸಿ. ಕಿಟ್ ಇಲ್ಲದ ಹೊತ್ತಿನಲ್ಲಿ ಒಂದು ರಟ್ಟಿನ ಡಬ್ಬ ಮಗುಚಿ ಹಾಕಿ ಅದರ ಮೇಲೆ ಮಾಡಿ. ರಾತ್ರಿ ಹತ್ತಾದರೂ ಯಾರೂ ಬಾಗಿಲು ತಟ್ಟುವುದಿಲ್ಲ.

ನನ್ನ ಸಲಹೆ, ಈ ಹಂತವನ್ನು ಕೊನೆಗೆ ಬರೆದಿದ್ದರೂ ಶುರುವಿನಿಂದಲೇ ವಾರಕ್ಕೊಮ್ಮೆ ಮಾಡಿ. ಬ್ರಷ್‌ನಲ್ಲಿ ಜೋರು ಮಾಡಿ ತಪ್ಪು ಮುಚ್ಚಿಕೊಳ್ಳಲು ಆಗುವುದಿಲ್ಲ, ಟ್ರಿಪ್ಲೆಟ್ ಎಲ್ಲಿ ಕುಂಟುತ್ತಿದೆ ಅಂತ ಎದ್ದು ಕಾಣುತ್ತದೆ.

ಜೊತೆಗೆ ನುಡಿಸುವಾಗ

ಒಬ್ಬರೇ ಎಷ್ಟು ಅಭ್ಯಾಸ ಮಾಡಿದರೂ ಈ ಶೈಲಿ ಇನ್ನೊಬ್ಬರ ಜೊತೆ ಕೂತಾಗಲೇ ಬಲಿಯುವುದು. ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಹತ್ತು ನಿಮಿಷ ಬಾಯಿ, ಅರ್ಧ ಗಂಟೆ ಹಂತ 5, ಉಳಿದ ಐದು ನಿಮಿಷ ಮನಸ್ಸಿಗೆ ಬಂದದ್ದು. ಒಬ್ಬ ಬೇಸ್ ನುಡಿಸುವ ಗೆಳೆಯ ಸಿಕ್ಕರೆ ಅವರನ್ನು ಬಿಡಬೇಡಿ. ಬೇಸ್ ಸಿಗದಿದ್ದರೆ ಬೇಸ್ ಮತ್ತು ಪಿಯಾನೋ ಮಾತ್ರ ಇರುವ ಟ್ರ್ಯಾಕುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಒಂದು ನಿಧಾನದ ಬ್ಲೂಸ್ ಆರಿಸಿಕೊಳ್ಳಿ.

ಮೊದಲ ಎರಡು ಕೋರಸ್, ಅಂದರೆ ಎರಡು ಸಲ 12 ಬಾರ್, ಬರೀ ರೈಡ್ ಮತ್ತು ಹೈ-ಹ್ಯಾಟ್ ನುಡಿಸಿ. ಮೂರನೆಯದರಲ್ಲಿ ಎಡಗೈ, ನಾಲ್ಕನೆಯದರಲ್ಲಿ ಕಿಕ್. ಸೋಲೋ ನುಡಿಸುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಮೂರು ಅಕ್ಷರದ ಒಂದು ಮಾತು ಆಡಿ, ಅವರು ಮತ್ತೆ ಶುರು ಮಾಡುತ್ತಲೇ ಮೆಲ್ಲಗಾಗಿ. ಎಲ್ವಿನ್ ಹಾಗೂ ಕೋಲ್ಟ್ರೇನ್ ಇಬ್ಬರೂ ಒಟ್ಟೊಟ್ಟಿಗೆ ಅಬ್ಬರಿಸುವ ರೆಕಾರ್ಡಿಂಗ್‌ಗಳಿವೆ, ಕೇಳಲು ಮೈ ಜುಮ್ ಅನ್ನುತ್ತದೆ. ಆದರೆ ಅವರಿಬ್ಬರೂ ರಾತ್ರಿ ರಾತ್ರಿ ಒಂದೇ ವೇದಿಕೆಯಲ್ಲಿ ವರ್ಷಗಟ್ಟಲೆ ನುಡಿಸಿ ಅಲ್ಲಿಗೆ ಬಂದದ್ದು. ಭಾನುವಾರದ ಜ್ಯಾಮ್‌ನಲ್ಲಿ ಮೊದಲ ಸಲ ಸಿಕ್ಕ ಗಿಟಾರಿಸ್ಟ್ ಮೇಲೆ ಅದನ್ನು ಪ್ರಯೋಗ ಮಾಡಿದರೆ ಮುಂದಿನ ಭಾನುವಾರ ನಿಮ್ಮನ್ನು ಕರೆಯುವುದಿಲ್ಲ.

ಇನ್ನೊಂದು, ಹಾಡು ಮುಗಿದ ಮೇಲೆ ಬೇಸ್ ನುಡಿಸುವವರನ್ನು ಎರಡು ಪ್ರಶ್ನೆ ಕೇಳಿ: ನನ್ನ ರೈಡ್ ನಿಮಗೆ ಪೂರ್ತಿ ಹೊತ್ತು ಕೇಳಿಸಿತಾ? ನನ್ನ ಕಿಕ್ ನಿಮ್ಮ ಸ್ವರದ ಮೇಲೆ ಕೂತಿತ್ತಾ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಅಂತ ಬಂದರೆ ಮತ್ತೆ ಹಂತ 5ಕ್ಕೆ ಹೋಗಿ, ಕಿಕ್ ಅರ್ಧಕ್ಕೆ ಇಳಿಸಿ.